ರೇಡಿಯೋ ಮಾವನ ಲೀಡರು

"ಜಾಗ ಬಿಡ್ರಪ್ಪಾ, ಸ್ವಲ್ಪ ಜಾಗ ಬಿಡಿ, ಲೀಡರಣ್ಣ ಬಂದಿದಾರೆ," ಎಂದು ಇಸ್ತ್ರಿಯವನು ಕೈಹಿಡಿದು ಜನರ ನಡುವೆ ಎಳೆದುಕೊಂಡೇ ಹೊರಟಾಗ ಲೀಡರಣ್ಣನ ಒಂದು ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು, ಇನ್ನೊಂದು ಗೇಟಿನಾಚೆ ಬಿದ್ದಿತ್ತು. ಹಿಂದೆ ಎಲ್ಲಾದರೂ ಗೋಡೆಗೆ ಒರಗಿ ನಿಂತು, ದೂರದಿಂದಲೇ ಮುಖ ನೋಡಿ, ಹೆಣ ಎತ್ತುವ ಹೊತ್ತಿಗೆ ಮೆಲ್ಲಗೆ ಜಾರಿಕೊಳ್ಳಬೇಕೆಂದು ಬಸ್ಸಿನಲ್ಲಿ ಕೂತು ಯೋಚಿಸಿಕೊಂಡು ಬಂದಿದ್ದವನು ಅವನು. ಈಗ ನೋಡಿದರೆ ಒಂಟಿ ಚಪ್ಪಲಿಯಲ್ಲಿ ಕುಂಟುತ್ತಾ ಎಲ್ಲರಿಗಿಂತ ಮುಂದೆ ಬಂದು ನಿಂತಿದ್ದ.

ಕಟಿಂಗ್ ಶಾಪಿನ ಹಿಂದೆಯೇ ಮನೆ, ನಡುವೆ ಚಿಕ್ಕದೊಂದು ಅಂಗಳ. ಗಿರಾಕಿಗಳು ಸರದಿ ಕಾಯುತ್ತಾ ಕೂರುತ್ತಿದ್ದ ಉದ್ದನೆಯ ಬೆಂಚನ್ನೇ ಅಂಗಳಕ್ಕೆ ತಂದು ರೇಡಿಯೋ ಮಾವನನ್ನು ಅದರ ಮೇಲೆ ಮಲಗಿಸಿದ್ದರು. ಕತ್ತಿನವರೆಗೆ ಬಿಳಿ ಬಟ್ಟೆ. ಆಸ್ಪತ್ರೆಯಲ್ಲಿ ಮಲಗಿದ್ದಾಗ ಬೆಳೆದ ಗಡ್ಡ ಕೆನ್ನೆಯ ಮೇಲೆ ಕೊಯ್ಲಾದ ಹೊಲದ ಕೂಳೆಯ ಹಾಗೆ ನಿಂತಿತ್ತು. ಊರಿಗೆಲ್ಲ ಗಡ್ಡ ಮಾಡುವವನು ತಾನೇ ಗಡ್ಡ ಬಿಟ್ಟುಕೊಂಡರೆ ಯಾರು ನಂಬುತ್ತಾರೆ ಎಂದು ಬೆಳಗಾಗೆದ್ದು ಮೊದಲು ತನ್ನ ಮುಖ ಹೆರೆದುಕೊಳ್ಳುತ್ತಿದ್ದ ಮನುಷ್ಯ. ಆ ಗಡ್ಡದಿಂದಾಗಿ ಅವನು ಯಾರೋ ಬೇರೆಯವನಂತೆ ಕಾಣುತ್ತಿದ್ದ.

"ಬಂದ್ರಾ ಅಣ್ಣಾ?" ಮಾವನ ಹೆಂಡತಿ ತಲೆಯ ಹತ್ತಿರ ಕೂತಿದ್ದವಳು ಎದ್ದಳು. "ನೀವು ಬಂದೇ ಬರ್ತೀರಿ ಅಂತ ಗೊತ್ತಿತ್ತು. ಆಸ್ಪತ್ರೇಲೂ ನಿಮ್ಮದೇ ಜಪ. ಲೀಡರ್ ಫೋನ್ ಮಾಡಿದ್ರಾ, ಲೀಡರ್ ಫೋನ್ ಮಾಡಿದ್ರಾ ಅಂತ."

"ಕೆಲಸದ ಗಲಾಟೇಲಿ..." ಎಂದು ಅವನು ತೊದಲಿದ.

ಅವಳ ಕಣ್ಣು ಅವನ ತಲೆಯ ಮೇಲೆ ಹೋಯಿತು. ಇಷ್ಟು ವರ್ಷ ಕ್ಷೌರಿಕನ ಜೊತೆ ಬಾಳಿದವಳು, ಮನುಷ್ಯರ ಮುಖಕ್ಕಿಂತ ಮೊದಲು ತಲೆ ನೋಡುವುದು ಅವಳಿಗೂ ರೂಢಿಯಾಗಿಬಿಟ್ಟಿತ್ತು.

"ಚಿಕ್ಕದಾಗಿ ಮಾಡಿಸಿದ್ದೀರಿ. ಯಾರ ಕೈ?"

"ಅಲ್ಲೇ ಅಕ್ಕಾ... ನಾನಿರೋ ಕಡೆ."

"ಹೂಂ, ಮೌನಿ ಕೈಯಲ್ಲ ಇದು. ಅವನು ಹಿಂಗತ್ತು ಚೌಕ ಮಾಡ್ತಾನೆ. ಇವರು ಗುಂಡಗೆ ಮಾಡೋರು." ಅವಳು ಸುತ್ತ ನೋಡಿದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಹಾಲು ಒಡೆದಿದೆ ಎಂದು ಹೇಳುವಂತಿತ್ತು. "ಇಲ್ಲಿ ನಿಂತಿರೋರದ್ದೆಲ್ಲ ಚೌಕ ಕತ್ತೇ ನೋಡಿ."

ನಿಂತಿದ್ದ ಗಂಡಸರಲ್ಲಿ ಇಬ್ಬರು ಮೂವರ ಕೈ ತನ್ನಷ್ಟಕ್ಕೆ ಹಿಂಗತ್ತಿಗೆ ಹೋಯಿತು. ಒಬ್ಬ ಹೆಗಲ ಮೇಲಿನ ಟವೆಲನ್ನು ಮೇಲಕ್ಕೆ ಎಳೆದುಕೊಂಡ. ಎಲ್ಲರೂ ಒಂದು ಕಾಲಕ್ಕೆ ಮಾವನ ಕುರ್ಚಿಯಲ್ಲಿ ಕೂತು ಬೆಳೆದವರೇ. ಕೊನೆಕೊನೆಗೆ ಬಸ್ ನಿಲ್ದಾಣದ ಹೊಸ ಶಾಪಿಗೆ, ಮಾವನ ಹತ್ತಿರವೇ ಕಸುಬು ಕಲಿತು ಬೇರೆ ಹೋಗಿದ್ದ ಮೌನಿಯ ಹತ್ತಿರ, ಹಿಂದಿನ ಸಂದಿಯಿಂದ ಕದ್ದು ಹೋಗಿ ಬರುತ್ತಿದ್ದವರು.

ಲಾರಿ ಓಡಿಸಿ ಸೊಂಟ ಹೋದ ಮುದುಕನೊಬ್ಬ ಕಲ್ಲಿನ ಮೇಲೆ ಕೂತಿದ್ದ. ಅವನೊಬ್ಬನೇ ಬಾಯಿಬಿಟ್ಟ. "ಏನ್ ಮಾಡೋಣ ಹೇಳವ್ವಾ? ಅರ್ಧ ಗಡ್ಡ ಹೆರೆದು ಆ ಪುಡಿ ಡಬ್ಬಿ ತೆಗೀತಿದ್ದ ನಿನ್ನ ಗಂಡ. ಅರ್ಧ ಗಡ್ಡದಲ್ಲಿ ಎದ್ದು ಎಲ್ಲಿಗೆ ಓಡ್ಲಿ ನಾನು? ಹಾಡು ಬರ್ತಿದ್ದ ರೇಡಿಯೋದಲ್ಲಿ ಬರೀ ಜಾಹೀರಾತೇ ಬಂದ್ರೆ ಯಾರು ಕೇಳ್ತಾರೆ?"

ಯಾರೋ ಕಿಸಕ್ಕೆಂದರು. ಮಾವನ ಹೆಂಡತಿಯ ತುಟಿಯ ಕೊನೆಯೂ ಅಲ್ಲಾಡಿತು. ಲೀಡರಣ್ಣ ಮಾತ್ರ ನೆಲ ನೋಡಿದ. ಆ ಜಾಹೀರಾತು ಬರೆದುಕೊಟ್ಟವನು ಅವನೇ.

ಅವಳು ಅವನನ್ನು ಶಾಪಿನ ಹಿಂಬಾಗಿಲ ಹತ್ತಿರ ಕರೆದಳು. ಬಾಗಿಲ ಸಂದಿಯಿಂದ ಕನ್ನಡಿ ಕಾಣುತ್ತಿತ್ತು. ಅದರ ಕೆಳಗೆ ಕತ್ತರಿ, ಬಾಚಣಿಗೆ ಇರಬೇಕಾದ ಕಡೆಯೆಲ್ಲ ಶಕ್ತಿಪುಡಿಯ ಡಬ್ಬಿಗಳು.

"ಅಣ್ಣಾ, ಒಂದು ಮಾತು. ಇವರು ಹೋದ್ರೂ ಇವರು ಹಿಡಿದು ನಿಲ್ಲಿಸಿದ ಟೀಮು ಬೀಳಬಾರದು. ಇವರ ಜಾಗಕ್ಕೆ ನಾನು ಬರ್ತೀನಿ. ಕುರ್ಚಿ, ಕನ್ನಡಿ ಎಲ್ಲ ತಗೊಂಡುಬಿಡು ಅಂತ ಮೌನಿಗೆ ಹೇಳಿ ಕಳಿಸಿದೀನಿ, ಇವತ್ತೇ ಬರ್ತಾನೆ. ಶಾಪು ಮುಚ್ಚಿ ಪೂರ್ತಿ ಇದಕ್ಕೇ ಇಳೀತೀನಿ. ನನಗೇನೂ ಮಾತಾಡೋಕೆ ಬರಲ್ಲ. ನೀವು ತಿದ್ದಿದ್ರೆ ಬರುತ್ತೆ. ಇವರನ್ನ ತಿದ್ದಿಲ್ವಾ ನೀವು?"

"ಅಕ್ಕಾ, ಈಗ್ಯಾಕೆ ಆ ಮಾತು?"

"ಈಗಲೇ. ಟೀಮಿನೋರೆಲ್ಲ ಇಲ್ಲೇ ಇದಾರೆ. ಎತ್ತೋ ಮುಂಚೆ ನೀವೇ ಎಲ್ಲರ ಮುಂದೆ ಹೇಳಿಬಿಡಿ. ಲೀಡರ್ ಬಾಯಲ್ಲಿ ಬಂದ್ರೆ ಅದರ ತೂಕವೇ ಬೇರೆ."

ಟೀಮಿನವರೆಂದರೆ ಇಸ್ತ್ರಿಯವನು, ಸೈಕಲ್ ಪಂಕ್ಚರ್ ಹಾಕುವವನು, ಬಟ್ಟೆ ಹೊಲಿಯುವ ಇಬ್ಬರು ಹೆಂಗಸರು. ನಾಲ್ವರೂ ಗೋಡೆಗೆ ಒತ್ತಿಕೊಂಡು ಅವನ ಕಡೆಗೇ ನೋಡುತ್ತಿದ್ದರು. ಮಳೆ ಬರುತ್ತದೋ ಇಲ್ಲವೋ ಎಂದು ಆಕಾಶ ನೋಡುವವರ ಹಾಗೆ.

*

ಒಬ್ಬರ ಕೆಳಗೊಬ್ಬರನ್ನು ಸೇರಿಸುತ್ತಾ ಶಕ್ತಿಪುಡಿ ಮಾರುವ ಆ ಕಂಪನಿಗೆ ಸೇರಿದ ಹೊಸತರಲ್ಲಿ ಲೀಡರಣ್ಣ ಇನ್ನೂ ಲೀಡರಣ್ಣನಾಗಿರಲಿಲ್ಲ. ಹಾಲಿನ ಕೇಂದ್ರದಲ್ಲಿ ಕ್ಯಾನುಗಳಿಗೆ ಡಿಗ್ರಿ ಕಡ್ಡಿ ಇಳಿಬಿಟ್ಟು ನೀರೆಷ್ಟು ಹಾಲೆಷ್ಟು ಎಂದು ಹೇಳುವ ಕೆಲಸ. ಹಾಲು ಹಾಕುವವರಿಗೆ ಅವನ ಹೆಸರು ಬೇಕಾಗಿರಲಿಲ್ಲ, 'ಡಿಗ್ರಿ' ಎಂದೇ ಕೂಗುತ್ತಿದ್ದರು. ಮೊದಲ ಮೀಟಿಂಗಿನಲ್ಲಿ ವೇದಿಕೆಯ ಮೇಲಿದ್ದವರು ಅವನನ್ನು ಎಬ್ಬಿಸಿ ನಿಲ್ಲಿಸಿ 'ನಾಳೆಯ ಲೀಡರ್' ಎಂದಾಗ ಮೈ ಜುಮ್ಮೆಂದಿತ್ತು.

ಟೀಮು ಕಟ್ಟುವುದಕ್ಕೆ ಎಲ್ಲರೂ ನೆಂಟರಿಷ್ಟರ ಬೆನ್ನು ಹತ್ತಿದರೆ ಅವನು ಬೇರೆ ದಾರಿ ಹಿಡಿದ. ಅದು ಅವನಿಗೆ ಹೊಳೆದದ್ದು ಮಾವನ ಕುರ್ಚಿಯಲ್ಲೇ. ಕೊರಳಿಗೆ ಬಟ್ಟೆ ಬಿಗಿದು, ಮುಖಕ್ಕೆ ಸೋಪು ಹಚ್ಚಿ, ಕುತ್ತಿಗೆಯ ಮೇಲೆ ಕತ್ತಿಯಿಟ್ಟು ಮಾವ ಯಾರದೋ ಮನೆಯ ಕತೆ ಹೇಳುತ್ತಿದ್ದ. ಎಮ್ಮೆ ಮದುವೆ ಚಪ್ಪರಕ್ಕೆ ನುಗ್ಗಿದ ಕತೆ. ಬೆಂಚಿನ ಮೇಲಿದ್ದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕ್ಷೌರ ಮುಗಿದವನೂ ಎದ್ದು ಹೋಗಿರಲಿಲ್ಲ. ಕನ್ನಡಿಯಲ್ಲಿ ಅದನ್ನೆಲ್ಲ ನೋಡುತ್ತಾ ಅವನಿಗೆ ಅನಿಸಿತು: ಈ ಮನುಷ್ಯನ ಕೈಯಡಿ ಕೂತವನು ಏಳುವ ಹಾಗಿಲ್ಲ, ಬೇಡವೆಂದು ತಲೆ ಅಲ್ಲಾಡಿಸುವ ಹಾಗೂ ಇಲ್ಲ.

ಹಾಗೆ ಹುಡುಕಿ ಹುಡುಕಿ ಅವನು ಹಿಡಿದದ್ದು ಇಂಥವರನ್ನೇ. ಬಟ್ಟೆ ಕೊಟ್ಟು ಕಾಯಬೇಕಾದ ಇಸ್ತ್ರಿಯವನು, ಅಳತೆ ಕೊಡುವಾಗ ಅಲ್ಲಾಡದೆ ನಿಲ್ಲಬೇಕಾದ ಟೈಲರಮ್ಮಂದಿರು. ಜನರನ್ನು ಒಂದು ಕಡೆ ನಿಲ್ಲಿಸಿಕೊಳ್ಳುವ ಕಸುಬಿನವರು. ವೇದಿಕೆಯ ಮೇಲೆ ಈ ಉಪಾಯ ಹೇಳಿದ್ದಕ್ಕೆ ಚಪ್ಪಾಳೆ ಬಿದ್ದಿತ್ತು.

"ನನಗ್ಯಾಕೆ ಸ್ವಾಮಿ ಇದೆಲ್ಲ?" ಎಂದಿದ್ದ ಮಾವ. "ನಾನು ತಲೆ ಕೆಳಗೆ ಮಾಡಿ ಅಂದ್ರೆ ಮಾಡ್ತಾರೆ, ಜೇಬಿಗೆ ಕೈ ಹಾಕಿ ಅಂದ್ರೆ ಮಾಡ್ತಾರಾ?"

"ಮಾವಾ, ನಿಮ್ಮ ಮಾತಿಗೆ ಜನ ಸೋಲ್ತಾರೆ. ಆ ಮಾತನ್ನ ಎಮ್ಮೆ ಕತೆಗೆ ಸುರೀತಿದೀರಿ. ಒಂದೇ ಒಂದು ಕೆಲಸ ಮಾಡಿ. ಕತ್ತಿ ಗಂಟಲ ಹತ್ರ ಬಂದಾಗ ಮೆಲ್ಲಗೆ ಕೇಳಿ, ಮೈಕೈ ನೋವಿದ್ಯಾ ಅಂತ. ಅಷ್ಟೇ."

"ಕತ್ತಿ ಗಂಟಲ ಮೇಲಿದ್ರೆ ಯಾರು ಇಲ್ಲ ಅಂತಾರೆ?" ಎಂದು ಮಾವ ನಕ್ಕಿದ್ದ.

"ಅದಕ್ಕೇ."

ಮಾವನ ನಗು ಅರೆಗಳಿಗೆ ನಿಂತಿತ್ತು. ಆ ನಿಂತದ್ದನ್ನು ಲೀಡರಣ್ಣ ಕನ್ನಡಿಯಲ್ಲಿ ನೋಡಿದ್ದ. ನೋಡಿಯೂ ಮಾತು ಮುಂದುವರಿಸಿದ್ದ.

ಮುಂದಿನ ಮೀಟಿಂಗಿಗೆ ಮಾವ ಬಂದ. ಹೊಸಬ ಬಾಗಿಲಿಂದ ತನ್ನ ಕುರ್ಚಿಗೆ ಹೋಗಿ ಕೂರುವವರೆಗೂ ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟುವುದು ಅಲ್ಲಿಯ ಪದ್ಧತಿ. ಮಾವ ಬಾಗಿಲಲ್ಲಿ ಹಿಂದೆ ತಿರುಗಿ ನೋಡಿದ, ಯಾರೋ ದೊಡ್ಡವರು ಬರುತ್ತಿರಬೇಕೆಂದು ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಚಪ್ಪಾಳೆ ತನಗೇ ಎಂದು ಗೊತ್ತಾದಾಗ ಅವನ ಕಣ್ಣಲ್ಲಿ ನೀರು ಬಂತು. ಜೀವಮಾನವೆಲ್ಲ ಬೇರೆಯವರ ಹಿಂದೆ ನಿಂತೇ ಕೆಲಸ ಮಾಡಿದ ಮನುಷ್ಯ. ಅವನಿಗಾಗಿ ಯಾರೂ ಯಾವತ್ತೂ ಎದ್ದು ನಿಂತಿರಲಿಲ್ಲ.

ಆಮೇಲೆ ಎಮ್ಮೆಯ ಕತೆ ನಿಂತಿತು.

*

"ಲೀಡರ್ ಸಾರ್, ಟೀ." ಇಸ್ತ್ರಿಯವನು ಲೋಟ ತಂದು ಹಿಡಿದ. ಅವನ ಬೆರಳ ತುದಿಗಳು ಶಾಖಕ್ಕೆ ಕಪ್ಪಾಗಿದ್ದವು. "ಒಂದು ಕೇಳ್ಲಾ? ಮಾವ ಹೇಳ್ತಿದ್ರು, ಹೋದ ತಿಂಗಳೂ ನಿಮ್ಮತ್ರ ಮಾತಾಡಿದೆ, ಇನ್ನು ಸ್ವಲ್ಪ ತಡ್ಕೊಳ್ಳಿ ಅಂದ್ರು ಅಂತ. ಆ ಸ್ವಲ್ಪ ಅನ್ನೋದು ಎಷ್ಟು ಸಾರ್? ನನ್ನ ಹೆಂಡತಿ ಆ ಡಬ್ಬಿಗಳನ್ನ ಹಟ್ಟೀಲಿ ಹುಲ್ಲಿನಡಿ ಬಚ್ಚಿಟ್ಟಿದಾಳೆ. ನೆಂಟರು ಬಂದ್ರೆ ನಗ್ತಾರೆ ಅಂತ."

"ಆಮೇಲೆ ಮಾತಾಡೋಣ."

"ಸರಿ ಸಾರ್, ನೀವು ಹೇಳಿದ ಹಾಗೆ."

ಬೈದಿದ್ದರೆ ಎಷ್ಟೋ ಮೇಲಿತ್ತು. ಲೋಟವನ್ನು ಕುಡಿಯದೆ ಬಾಗಿಲ ಪಕ್ಕ ಇಟ್ಟ.

*

ಅವನು ಕಂಪನಿ ಬಿಟ್ಟು ಎರಡು ವರ್ಷವಾಗಿತ್ತು. ಜಗಳ ಆಡಿ ಬಿಟ್ಟಿದ್ದಲ್ಲ. ಅವನ ಮೇಲಿನವನು ಹೇಳದೆ ಕೇಳದೆ ಇನ್ನೊಂದು ಕಂಪನಿಗೆ ಹಾರಿದ, ಮೀಟಿಂಗುಗಳಲ್ಲಿ ಖಾಲಿ ಕುರ್ಚಿಗಳು ಹೆಚ್ಚಾದವು, ಒಂದು ಸಂಜೆ ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಬಸ್ಸಿಗೆ ಕಾದು ನಿಂತವನು ಬಸ್ಸು ಬಂದರೂ ಹತ್ತಲಿಲ್ಲ. ಅಷ್ಟೇ. ಆಮೇಲೆ ಯಾರಿಗೂ ಗುರುತಿಲ್ಲದ ದೂರದ ಊರಿನಲ್ಲಿ ಮತ್ತೆ ಹಾಲಿನ ಕೇಂದ್ರ ಸೇರಿದ. ಮತ್ತೆ ಡಿಗ್ರಿ ಕಡ್ಡಿ. ಮತ್ತೆ "ಏ ಡಿಗ್ರೀ, ಬೇಗ ನೋಡೋ, ದನ ಹೊಡಕೊಂಡು ಹೋಗ್ಬೇಕು."

ಟೀಮಿನಲ್ಲಿದ್ದ ಬೇರೆ ಊರುಗಳವರು ತಾವಾಗಿಯೇ ಉದುರಿಹೋದರು. ಮಾವ ಉದುರಲಿಲ್ಲ, ತನ್ನೂರಿನ ನಾಲ್ವರನ್ನೂ ಉದುರಲು ಬಿಡಲಿಲ್ಲ. ತಿಂಗಳು ಹುಟ್ಟಿದರೆ ಅವನ ಫೋನು ಬರುತ್ತಿತ್ತು.

"ಲೀಡರ್ ಸಾರ್, ನಮಸ್ಕಾರ. ಈ ತಿಂಗಳು ಯಾರೂ ಸೇರ್ಲಿಲ್ಲ ಸಾರ್. ಬೆಂಚು ಖಾಲಿ ಹೊಡೀತಿದೆ. ನಾನೆಲ್ಲಿ ತಪ್ಪಿದೆ ಹೇಳಿ."

ತಪ್ಪು ನಿಮ್ಮದಲ್ಲ, ನಾನೇ ಬಿಟ್ಟು ಬಂದಿದ್ದೇನೆ ಎಂಬ ಮಾತು ಪ್ರತಿ ಸಲವೂ ನಾಲಿಗೆಯ ತುದಿಗೆ ಬರುತ್ತಿತ್ತು. ಹಾಲಿನ ಕ್ಯಾನುಗಳ ನಡುವೆ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಅವನು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಆಗ ಹೊರಡುತ್ತಿದ್ದದ್ದು ಬೇರೆ ಧ್ವನಿ, ವೇದಿಕೆಯ ಧ್ವನಿ. "ಬಿಡಬೇಡಿ ಮಾವಾ, ಗೆಲ್ಲೋರು ಯಾವತ್ತೂ ಬಿಡಲ್ಲ. ಇನ್ನು ಸ್ವಲ್ಪ ತಡ್ಕೊಳ್ಳಿ."

ಯಾಕೆ ಹಾಗಂದೆ ಎಂದು ತನ್ನನ್ನೇ ಕೇಳಿಕೊಂಡಾಗ ಸಿಗುತ್ತಿದ್ದ ಉತ್ತರ ಬಹಳ ಸಣ್ಣದು. ಅದಕ್ಕೇ ಯಾರಿಗೂ ಹೇಳುವಂತಿರಲಿಲ್ಲ. ಇಡೀ ಲೋಕದಲ್ಲಿ ಅವನನ್ನು ಲೀಡರ್ ಎಂದು ಕರೆಯುವ ಬಾಯಿ ಅದೊಂದೇ ಉಳಿದಿತ್ತು.

*

ಮೌನಿ ಇನ್ನೂ ಬಂದಿರಲಿಲ್ಲ. ಬಿಸಿಲೇರುತ್ತಿತ್ತು. ಎತ್ತುವವರು ಬಂದು ಬೆಂಚಿನ ಸುತ್ತ ನಿಂತರು. ಮಾವನ ಹೆಂಡತಿ ಕೈಯೆತ್ತಿ ತಡೆದಳು.

"ಒಂದು ನಿಮಿಷ. ಲೀಡರಣ್ಣ ಎರಡು ಮಾತಾಡ್ತಾರೆ."

ಜನ ಅವನ ಕಡೆ ತಿರುಗಿದರು. ನಾಲ್ವರು ಟೀಮಿನವರು ಮುಂದೆ ಬಂದರು. ಲೀಡರಣ್ಣ ಬಾಯಿ ತೆರೆದ.

"ಆತ್ಮೀಯ ಬಂಧುಗಳೇ," ಎಂದಿತು ಅವನ ಗಂಟಲು. ಬೆನ್ನು ತಾನಾಗಿ ನೆಟ್ಟಗಾಯಿತು, ಬಲಗೈ ತಾನಾಗಿ ಮೇಲೆದ್ದಿತು. "ಸಾಧನೆ ಅಂದ್ರೆ ಏನು ಅಂತ ತೋರಿಸಿಕೊಟ್ಟ ವ್ಯಕ್ತಿ ಇವತ್ತು ನಮ್ಮ ಮುಂದೆ..."

ಇಸ್ತ್ರಿಯವನ ಎರಡೂ ಕೈಗಳು ಎದೆಯ ಹತ್ತಿರ ಬಂದವು. ಆ ಧ್ವನಿ ಆ ಎತ್ತರಕ್ಕೆ ಹೋಗಿ ನಿಂತ ಕಡೆ ಚಪ್ಪಾಳೆ ಹಾಕಬೇಕೆಂದು ಅವನಿಗೆ ಕಲಿಸಲಾಗಿತ್ತು. ಅಂಗೈಗಳು ತಾಗುವ ಮೊದಲು ಅವನಿಗೆ ಎಲ್ಲಿದ್ದೇನೆಂದು ನೆನಪಾಯಿತು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕಂಕುಳಲ್ಲಿ ಸಿಕ್ಕಿಸಿಕೊಂಡು ತಲೆ ತಗ್ಗಿಸಿದ.

ಅದನ್ನು ನೋಡಿದ ಮೇಲೆ ಲೀಡರಣ್ಣನ ಗಂಟಲಲ್ಲಿ ಆ ಧ್ವನಿ ಉಳಿಯಲಿಲ್ಲ. ಎತ್ತಿದ ಕೈ ಇಳಿಯಿತು. ಮುಂದಿನ ಮಾತು ಬಂದಾಗ ಹತ್ತಿರ ನಿಂತವರಿಗಷ್ಟೇ ಕೇಳಿಸುವಂತಿತ್ತು.

"ನಾನು ಕಂಪನಿ ಬಿಟ್ಟು ಎರಡು ವರ್ಷ ಆಯ್ತು."

"ಏನಂದ್ರು?" ಎಂದ ಲಾರಿಯ ಮುದುಕ, ಕಿವಿಗೆ ಕೈ ಅಡ್ಡ ಹಿಡಿದು.

"ಬಿಟ್ಟು ಎರಡು ವರ್ಷ ಆಯ್ತು ಅಂತೆ," ಎಂದು ಯಾರೋ ಜೋರಾಗಿ ಹೇಳಿದರು. ಅವನದೇ ಮಾತು ಇನ್ನೊಬ್ಬರ ಬಾಯಲ್ಲಿ ಅಂಗಳದ ತುಂಬ ಹೋಯಿತು.

"ಮಾವನಿಗೆ ಹೇಳ್ಲಿಲ್ಲ. ಹೇಳೋಕಾಗ್ಲಿಲ್ಲ. ಅಕ್ಕಾ, ಕುರ್ಚಿ ಕೊಡಬೇಡಿ. ಅಲ್ಲಿ ಏನೂ ಇಲ್ಲ. ನನ್ನ ಮೇಲೂ ಯಾರಿಲ್ಲ, ನಾನೂ ಇಲ್ಲ."

"ಹೋದ ತಿಂಗಳು ಫೋನಲ್ಲಿ?" ಎಂದ ಇಸ್ತ್ರಿಯವನು.

"ಹಾಲಿನ ಕೇಂದ್ರದಲ್ಲಿದ್ದೆ. ಅಲ್ಲಿಂದಲೇ ಮಾತಾಡಿದೆ."

ಹೊಡೆಯುತ್ತಾರೇನೋ ಎಂದು ಅವನು ಕಾದ. ಹೊಡೆದರೆ ಒಳ್ಳೆಯದೇನೋ ಎಂದೂ ಅನಿಸಿತು. ಟೈಲರಮ್ಮಂದಿರಲ್ಲಿ ಒಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇಸ್ತ್ರಿಯವನು ಅವನ ಮುಖವನ್ನು ನೋಡುತ್ತಾ ನಿಂತ. ಸುಟ್ಟ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವವನ ಹಾಗೆ, ಎಷ್ಟು ಸುಟ್ಟಿದೆ ಎಂದು.

ಮಾವನ ಹೆಂಡತಿ ಗಂಡನ ಕಡೆ ತಿರುಗಿ ಬಟ್ಟೆಯ ಅಂಚನ್ನು ಸರಿಮಾಡಿದಳು. ಸರಿಯಾಗಿದ್ದದ್ದನ್ನು ಮತ್ತೊಮ್ಮೆ ಸರಿಮಾಡಿದಳು.

ಅಷ್ಟರಲ್ಲಿ ಮೌನಿ ಬಂದ. ಕೈಯಲ್ಲಿ ಚರ್ಮದ ಸಣ್ಣ ಪೆಟ್ಟಿಗೆ. ಏನಾಗಿದೆ ಎಂದು ಅವನಿಗೆ ಗೊತ್ತಿರಲಿಲ್ಲ, ಕೇಳುವ ಸ್ವಭಾವವೂ ಅವನದಲ್ಲ. ನೇರ ಬೆಂಚಿನ ಹತ್ತಿರ ಹೋಗಿ ಮಾವನ ಕೆನ್ನೆಯ ಮೇಲೆ ಬೆರಳಾಡಿಸಿದ.

"ಗಡ್ಡ ಇದೆ," ಎಂದ.

"ಅದಕ್ಕೇ ಕಾಯ್ತಿದ್ದೆ," ಎಂದಳು ಅವಳು. "ಹಾಗೇ ಕಳಿಸಿದ್ರೆ ಬೈಕೊಳ್ತಾರೆ. ಇನ್ನೊಂದು ವಿಷಯ. ಕುರ್ಚಿ ತಗೋ ಅಂತ ಹೇಳಿ ಕಳಿಸಿದ್ನಲ್ಲ, ಅದು ಬೇಡ. ಕುರ್ಚಿ ಇಲ್ಲೇ ಇರ್ಲಿ. ನೀನೇ ಬಿಡುವಾದಾಗ ಬಂದು ನಿಲ್ತೀಯಾ? ನನಗೂ ಒಂಚೂರು ಕೈ ತಿದ್ದು. ಹೆಂಗಸರು ಮಕ್ಕಳ ತಲೆನಾದ್ರೂ ಮಾಡ್ತೀನಿ."

ಮೌನಿ ತಲೆಯಾಡಿಸಿದ. ಪೆಟ್ಟಿಗೆ ಬಿಚ್ಚಿ ಬ್ರಶ್ಶು, ಸೋಪು, ಕತ್ತಿ ತೆಗೆದ. ನೀರಿಗೆಂದು ಸುತ್ತ ನೋಡಿದ. ಅವಳು ಒಳಗಿಂದ ಅಗಲವಾದ ಬಟ್ಟಲೊಂದರಲ್ಲಿ ಬಿಸಿನೀರು ತಂದಳು. ಇಟ್ಟುಕೊಳ್ಳಲು ಜಾಗವಿರಲಿಲ್ಲ. ಅಲ್ಲಿದ್ದವರನ್ನೆಲ್ಲ ದಾಟಿ ಅವಳು ಲೀಡರಣ್ಣನ ಮುಂದೆ ಬಂದು ನಿಂತಳು.

"ಹಿಡ್ಕೋ," ಎಂದಳು.

ಅಣ್ಣಾ ಎನ್ನಲಿಲ್ಲ. ಅವನು ಎರಡೂ ಕೈಯಲ್ಲಿ ಬಟ್ಟಲು ಹಿಡಿದುಕೊಂಡ. ಅಂಚು ಸುಡುತ್ತಿತ್ತು.

ಮೌನಿ ಸೋಪಿನ ನೊರೆ ಎಬ್ಬಿಸಿ ಮಾವನ ಮುಖಕ್ಕೆ ಹಚ್ಚಿದ. ಕತ್ತಿಯನ್ನು ಅಂಗೈಗೆ ಎರಡು ಸಲ ಸವರಿದ. ಆಮೇಲೆ, ಯಾರೂ ಎಣಿಸದ ಹಾಗೆ, ಮಾತು ಶುರುಮಾಡಿದ.

"ಸ್ವಲ್ಪ ಈ ಕಡೆ ತಿರುಗು ಮಾವಾ. ಹಾಂ, ಹಾಗೆ. ಯಾರ್ಯಾರು ಬಂದಿದಾರೆ ಗೊತ್ತಾ? ಲಾರಿ ತಾತ ಬಂದಿದಾನೆ, ಸೊಂಟ ಹಿಡ್ಕೊಂಡು. ಕೆರೆ ಕೋಡಿ ಮೇಲೆ ಹೊಸಾ ಸೇತುವೆ ಹಾಕ್ತಿದಾರೆ, ಮುಗಿಯೋ ಮುಂಚೆನೇ ಒಂದು ಕಡೆ ಕುಸಿದಿದೆ. ಮೇಲ್ಮನೆ ಸೊಸೆಗೆ ಅವಳಿ ಜವಳಿ. ಗಂಡ ನನ್ನ ಕುರ್ಚೀಲಿ ಕೂತು ಅತ್ತ, ಖುಷಿಗೋ ಭಯಕ್ಕೋ ಗೊತ್ತಾಗ್ಲಿಲ್ಲ..."

ಅವನು ತಪ್ಪುತಪ್ಪಾಗಿ, ತಡೆತಡೆದು ಹೇಳುತ್ತಿದ್ದ. ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಜನ ಒಬ್ಬೊಬ್ಬರೇ ಬೆಂಚಿನ ಹತ್ತಿರ ಸರಿದರು. "ಕುಸಿದಿದ್ದು ಎಡಗಡೆ ಕಣೋ, ಸರಿಯಾಗಿ ಹೇಳು," ಎಂದು ಲಾರಿಯ ಮುದುಕ ತಿದ್ದಿದ. ಯಾರೋ ಸಣ್ಣಗೆ ನಕ್ಕರು, ನಕ್ಕವರೇ ಮೂಗು ಒರೆಸಿಕೊಂಡರು. ಮೌನಿ ಕತ್ತಿಯನ್ನು ಆಗಾಗ ಬಟ್ಟಲಲ್ಲಿ ಅದ್ದಿ ಅಲುಗಾಡಿಸುತ್ತಿದ್ದ. ನೀರು ಬೆಳ್ಳಗಾಗುತ್ತಾ ಹೋಯಿತು. ಕತ್ತಿ ಗಂಟಲಿಗೆ ಬಂದಾಗ ಲೀಡರಣ್ಣ ಕಣ್ಣು ಮುಚ್ಚಿದ. ಮೌನಿ ಅಲ್ಲಿ ಏನೂ ಕೇಳಲಿಲ್ಲ. ಸುಮ್ಮನೆ ಒಂದೇ ಎಳೆತದಲ್ಲಿ ಕೆಳಗಿನಿಂದ ಮೇಲಕ್ಕೆ ಎಳೆದ.

ತೋಳು ನೋಯಲು ಶುರುವಾಯಿತು. ಬಟ್ಟಲನ್ನು ಯಾರೂ ಇಸಕೊಳ್ಳಲಿಲ್ಲ, ಅವನೂ ಕೊಡಲು ನೋಡಲಿಲ್ಲ.

ಒದ್ದೆ ಬಟ್ಟೆಯಿಂದ ಒರೆಸಿದಾಗ ಬೆಂಚಿನ ಮೇಲೆ ಮಾವ ಮತ್ತೆ ಮಾವನಾಗಿದ್ದ. ಅವನ ಹೆಂಡತಿ ಬಗ್ಗಿ ಕೆನ್ನೆಗೆ ಕೆನ್ನೆ ತಾಗಿಸಿ ನುಣುಪು ನೋಡಿದಳು. "ಆಯ್ತು, ಎತ್ತಿ," ಎಂದಳು. ಆಮೇಲೆ ಬಟ್ಟಲಿನ ಕಡೆ ಕಣ್ಣು ಹೊರಳಿಸಿ, "ಅದನ್ನ ಚೆಲ್ಲು."

ಅವನು ನಡೆದ. ಒಂದು ಹನಿಯೂ ತುಳುಕಬಾರದೆಂದು ಹೆಜ್ಜೆ ಎಣಿಸುವಷ್ಟು ನಿಧಾನವಾಗಿ. ಜನ ಬಟ್ಟೆ ಒತ್ತರಿಸಿಕೊಂಡು ದಾರಿ ಬಿಟ್ಟರು. ಹಿತ್ತಲ ಬೇಲಿಯ ಬುಡದಲ್ಲಿ ಕೂತು ಬಟ್ಟಲನ್ನು ಮೆಲ್ಲಗೆ ಓರೆಮಾಡಿದ. ನೀರು ಇಂಗಿತು, ನೊರೆ ಮಣ್ಣಿನ ಮೇಲೆ ಕ್ಷಣ ನಿಂತು ಒಡೆಯಿತು. ಬಟ್ಟಲ ತಳದಲ್ಲಿ ನರೆಗೂದಲಿನ ಚೂರುಗಳು ಅಂಟಿಕೊಂಡಿದ್ದವು. ಅಂಗೈಯಿಂದ ಬಳಿದ. ಅವು ಬಟ್ಟಲು ಬಿಟ್ಟು ಅಂಗೈಗೆ ಅಂಟಿದವು.

ಮುಂದಿನ ಬಾಗಿಲಿಂದ ಮಾವನನ್ನು ಎತ್ತಿಕೊಂಡು ಹೊರಡುವ ಕಾಲಸಪ್ಪಳ ಕೇಳಿಸಿತು. ಅವನು ಎದ್ದು ನಿಂತ. ಪ್ಯಾಂಟಿಗೆ ಒರೆಸಲೆಂದು ಇಳಿಸಿದ ಕೈ ಅರ್ಧದಲ್ಲೇ ನಿಂತಿತು. ಬೇಲಿಯ ಎಲೆಗಳ ಕಡೆ ಚಾಚಿದ, ಅಲ್ಲೂ ಒರೆಸಲಾಗಲಿಲ್ಲ. ಸಪ್ಪಳ ಬೀದಿಯ ತಿರುವು ದಾಟಿ ಹೋದ ಮೇಲೂ, ಬಿಸಿಲಲ್ಲಿ ಅಂಗೈಯನ್ನು ಮೇಲ್ಮುಖವಾಗಿ ಹಿಡಿದುಕೊಂಡೇ ನಿಂತಿದ್ದ. ಗಾಳಿ ಬಂದಾಗ ಆ ಚೂರುಗಳು ಹಾರದಂತೆ ಇನ್ನೊಂದು ಕೈ ಅಡ್ಡ ಹಿಡಿದ.